ಕೂಲರ್‌ನಿಂದ ತಣ್ಣನೆ ಗಾಳಿ ಬರ್ತಿಲ್ವಾ? ಮೊದಲು ತೂತು ನೋಡಿ

ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಕೂಲರ್ ಬರೀ ಬಿಸಿಗಾಳಿ ಊದಿದರೆ ತಲೆ ಕೆಡುತ್ತದೆ ಅಲ್ವಾ? ನಮ್ಮ ಕಡೆ ಬೋರ್‌ವೆಲ್ ನೀರು ಗಡುಸು, ಹಾಗಾಗಿ ಮೋಟರ್ ಕೆಟ್ಟಿರುವುದಕ್ಕಿಂತ ಉಪ್ಪು ಕಟ್ಟಿರುವುದೇ ಜಾಸ್ತಿ.

ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ತಗಡಿನ ಕೂಲರ್ ಆದರಂತೂ ಮರೆಯಲೇಬೇಡಿ. ಪಕ್ಕದ ಬಾಗಿಲು ತೆಗೆದು ಮೇಲೆ ನೋಡಿ. ಹುಲ್ಲಿನ ಮೇಲೆ ನೀರು ಇಳಿಯುವ ಸಣ್ಣ ತೂತುಗಳ ಬಾಯಿಗೆ ಬಿಳಿ ಪದರ ಗಟ್ಟಿಯಾಗಿ ಕೂತಿರುತ್ತದೆ. ಪೊರಕೆ ಕಡ್ಡಿಯಿಂದ ಒಂದೊಂದೇ ತೂತು ಚುಚ್ಚಿ ಬಿಡಿಸಿ. ಆಮೇಲೆ ಪಂಪಿನ ಜಾಳಿಗೆ ಬಿಚ್ಚಿ, ಒಳಗಿನ ಪುಟ್ಟ ಚಕ್ರವನ್ನು ನಿಂಬೆರಸ ಇಲ್ಲವೇ ವಿನೆಗರ್ ಬೆರೆಸಿದ ನೀರಲ್ಲಿ ಅರ್ಧ ಗಂಟೆ ನೆನೆಸಿ ಹಳೇ ಬ್ರಷ್‌ನಿಂದ ಉಜ್ಜಿದರೆ ಉಪ್ಪೆಲ್ಲಾ ಪುಡಿಪುಡಿಯಾಗಿ ಉದುರುತ್ತದೆ. ಹುಲ್ಲು ಕಪ್ಪಾಗಿ ವಾಸನೆ ಹೊಡೆಯುತ್ತಿದ್ದರೆ ಸುಮ್ನೆ ತೊಳೆಯುತ್ತಾ ಕೂರಬೇಡಿ, ಬದಲಿಸಿಬಿಡಿ.

ಪಂಪ್ ಮುಳುಗುವಷ್ಟು ನೀರಿಲ್ಲದೆ ಓಡಿಸಬೇಡಿ, ಸುಟ್ಟುಹೋಗುತ್ತದೆ.

ಇನ್ನೊಂದು, ಕೂಲರ್ ಹಾಕಿ ಕಿಟಕಿ ಎಲ್ಲಾ ಮುಚ್ಚಿಬಿಡುತ್ತಾರೆ. ಅದು ಎಸಿ ಅಲ್ಲ. ನೀರು ಆವಿಯಾಗುವುದರಿಂದಲೇ ಗಾಳಿ ತಂಪಾಗುವುದು, ಆ ಒದ್ದೆ ಗಾಳಿ ಹೊರಗೆ ಹೋಗಲು ಎದುರಿನ ಕಿಟಕಿ ತೆರೆದಿಡಿ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಿ ಉಜ್ಜಿ ಒರೆಸಿ, ಡೆಂಗಿ ಸೊಳ್ಳೆ ಇಂಥ ನಿಂತ ನೀರಲ್ಲೇ ಮೊಟ್ಟೆ ಇಡುತ್ತದೆ.