ಗ್ಯಾಸ್ ಒಲೆ: ಸಿಲಿಂಡರ್ ಬಂದ ದಿನದಿಂದಲೇ ಎಚ್ಚರ

ಹಾಲಿಟ್ಟು ಹಿತ್ತಲಿಗೆ ಹೂ ಕೀಳಲು ಹೋಗಿದ್ದೆ. ಬಂದು ನೋಡಿದರೆ ಹಾಲು ಉಕ್ಕಿ ಉರಿ ಆರಿಹೋಗಿದೆ, ಬರ್ನರಿನಿಂದ ಸುಯ್ ಅಂತ ಗ್ಯಾಸ್ ಬರುತ್ತಲೇ ಇದೆ. ಕಿಟಕಿ, ಬಾಗಿಲು ತೆರೆದಿದ್ದವು, ಏನೂ ಆಗಲಿಲ್ಲ. ಅವತ್ತಿನಿಂದ ಹಾಲಿಟ್ಟರೆ ಒಲೆ ಬಿಟ್ಟು ಕದಲುವುದಿಲ್ಲ. ದಿನಕ್ಕೆ ಹತ್ತು ಸಲ ಹಚ್ಚುವ ಒಲೆಯನ್ನು ನಾವು ಸರಿಯಾಗಿ ನೋಡುವುದೇ ಕಡಿಮೆ, ಅಲ್ವಾ?

ಸಿಲಿಂಡರ್ ಬಂದಾಗ

ತಂದವರನ್ನು ಎರಡು ನಿಮಿಷ ನಿಲ್ಲಿಸಿಕೊಳ್ಳಿ. ಸೀಲ್ ನೋಡಿ, ತೂಕ ಮಾಡಿಸಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ. ಅದಕ್ಕೆ 14.2 ಕೆ.ಜಿ. ಸೇರಿಸಿದರೆ ಲೆಕ್ಕ ಸಿಗುತ್ತದೆ.

ಮೇಲಿನ ಬಳೆಯನ್ನು ಹಿಡಿದಿರುವ ಪಟ್ಟಿಗಳ ಒಳಬದಿಯಲ್ಲಿ ಒಂದು ಅಕ್ಷರ, ಪಕ್ಕದಲ್ಲಿ ವರ್ಷ ಇರುತ್ತದೆ. 'ಎ' ಅಂದರೆ ಮಾರ್ಚ್ ಕೊನೆವರೆಗೆ, 'ಬಿ' ಜೂನ್, 'ಸಿ' ಸೆಪ್ಟೆಂಬರ್, 'ಡಿ' ಡಿಸೆಂಬರ್ ಕೊನೆವರೆಗೆ. 'ಸಿ 28' ಅಂತಿದ್ದರೆ 2028ರ ಸೆಪ್ಟೆಂಬರ್ ಮುಗಿಯುವುದರೊಳಗೆ ಆ ಸಿಲಿಂಡರಿನ ಪರೀಕ್ಷೆ ಆಗಬೇಕು. ಅವಧಿ ದಾಟಿದ್ದರೆ ಬೇಡ ಅನ್ನಿ.

ಮುಚ್ಚಳ ತೆಗೆದರೆ ವಾಲ್ವಿನೊಳಗೆ ಕಪ್ಪು ರಬ್ಬರ್ ಉಂಗುರ ಕಾಣುತ್ತದೆ. ಅದು ಸೀಳಿದ್ದರೆ ಗ್ಯಾಸ್ ಸೋರುತ್ತದೆ. ರೆಗ್ಯುಲೇಟರ್ ಕೂರಿಸಿದ ಮೇಲೆ ಸುತ್ತ ಸೋಪಿನ ನೀರು ಸವರಿ. ಗುಳ್ಳೆ ಎದ್ದರೆ ಸೋರುತ್ತಿದೆ ಅಂತ ಗೊತ್ತಾಗುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಕೆಲವರಿಗಿದೆ. ದಯವಿಟ್ಟು ಬೇಡ.

ಸಿಲಿಂಡರ್ ನೆಟ್ಟಗೆ ನಿಂತಿರಲಿ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಸಿಲಿಂಡರಿನಿಂದ ಒಲೆಗೆ ಗ್ಯಾಸ್ ತರುವ ಸುರಕ್ಷಾ ಪೈಪಿಗೆ 5 ವರ್ಷ ಆಯಸ್ಸು. ಅದಕ್ಕೂ ಮುಂಚೆ ಬಿರುಕು ಕಂಡರೆ ಆಗಲೇ ಬದಲಾಯಿಸಿ.

ಉರಿ ನೋಡಿ ಅಡುಗೆ ಮಾಡಿ

ಮೊದಲು ಕಡ್ಡಿ ಗೀರಿ, ಆಮೇಲೆ ನಾಬ್ ತಿರುಗಿಸಿ. ಲೈಟರ್ ಆದರೂ ಅಷ್ಟೇ, ಬರ್ನರಿನ ಹತ್ತಿರ ಹಿಡಿದುಕೊಂಡ ಮೇಲೇ ಗ್ಯಾಸ್ ಬಿಡಿ. ಹತ್ತದಿದ್ದರೆ ನಾಬ್ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಿ.

ಉರಿ ನೀಲಿಯಾಗಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿದೆ. ಹಳದಿಯಾಗಿ ಕುಣಿಯುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದು ಇದರಿಂದಲೇ. ನಮ್ಮ ಮನೆಯಲ್ಲಿ ದೋಸೆ ಹಿಟ್ಟು, ಉಕ್ಕಿದ ಸಾರು ಎಲ್ಲ ಒಣಗಿ ಬರ್ನರಿನ ಅರ್ಧ ತೂತುಗಳನ್ನೇ ಮುಚ್ಚಿತ್ತು. ಒಲೆ ಆರಿ ತಣ್ಣಗಾದ ಮೇಲೆ ಬರ್ನರ್ ತೆಗೆದು ಸೋಪು ಹಾಕಿದ ಬಿಸಿ ನೀರಿನಲ್ಲಿ ನೆನೆಸಿದೆ. ತೂತುಗಳನ್ನು ಒಂದೊಂದಾಗಿ ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಕೂರಿಸಿದೆ. ಸಂಜೆ ಮತ್ತೆ ನೀಲಿ ಉರಿ! ಆದರೂ ಹಳದಿ ಬಂದರೆ ಮೆಕ್ಯಾನಿಕ್‌ಗೆ ತೋರಿಸಿ.

ಉರಿ ಪಾತ್ರೆಯ ತಳದೊಳಗೇ ಇರಬೇಕು. ಬದಿಯಿಂದ ಮೇಲೆದ್ದರೆ ಸುಮ್ನೆ ಅಡುಗೆಮನೆಯನ್ನು ಬಿಸಿ ಮಾಡಿದ ಹಾಗೆ. ನೀರು ಕುದಿ ಬಂದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದು ಇನ್ನೂ ಜಾಸ್ತಿ ಬಿಸಿಯಾಗುವುದಿಲ್ಲ, ಹಬೆಯಾಗಿ ಹೋಗುತ್ತದೆ ಅಷ್ಟೇ. ಅದಕ್ಕೇ ಕುದಿ ಬಂದಾಗ ಉರಿ ತಗ್ಗಿಸಿ, ಮುಚ್ಚಳ ಮುಚ್ಚಿ. ಕುಕ್ಕರ್ ಮೊದಲ ಸೀಟಿ ಹೊಡೆದ ಮೇಲೂ ಸಣ್ಣ ಉರಿ ಸಾಕು. ಹುರುಳಿ, ಕಡಲೆಯನ್ನು ರಾತ್ರಿಯೇ ನೆನೆಹಾಕಿ. ಅನ್ನ, ಬೇಳೆ, ಪಲ್ಯದ ತರಕಾರಿಯನ್ನು ಒಂದೇ ಕುಕ್ಕರಿನಲ್ಲಿ ಡಬ್ಬಿ ಮೇಲೆ ಡಬ್ಬಿ ಇಟ್ಟು ಬೇಯಿಸುವ ಅಮ್ಮನ ಕಾಲದ ರೂಢಿಗಿಂತ ದೊಡ್ಡ ಉಳಿತಾಯ ನನಗಂತೂ ಕಂಡಿಲ್ಲ. ಫ್ರಿಜ್ಜಿನ ಹಾಲನ್ನು ಸ್ವಲ್ಪ ಮುಂಚೆ ಹೊರಗಿಡಿ.

ರಾತ್ರಿ ಪಾತ್ರೆ ತೊಳೆದಾದ ಮೇಲೆ ರೆಗ್ಯುಲೇಟರ್ ಮುಚ್ಚಿಯೇ ಮಲಗಿ.

ವಾಸನೆ ಬಂದರೆ

ಅಡುಗೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಆ ಕೆಟ್ಟ ವಾಸನೆ ಸೇರಿಸಿರುತ್ತಾರೆ. ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಆದ್ದರಿಂದ ಕಿಟಕಿ ತೆರೆದರಷ್ಟೇ ಸಾಲದು, ಬಾಗಿಲೂ ತೆರೆಯಬೇಕು.

ದೇವರ ದೀಪ ಉರಿಯುತ್ತಿದ್ದರೆ ಆರಿಸಿ. ನಾಬ್, ರೆಗ್ಯುಲೇಟರ್ ಮುಚ್ಚಿ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಎಕ್ಸಾಸ್ಟ್ ಫ್ಯಾನ್ ಕೂಡ ಬೇಡ. ಎಲ್ಲರನ್ನೂ ಕರೆದುಕೊಂಡು ಹೊರಗೆ ಬಂದು, ಅಲ್ಲಿಂದ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಈ ನಂಬರನ್ನು ಮನೆಯವರೆಲ್ಲರ ಮೊಬೈಲಿನಲ್ಲೂ ಇವತ್ತೇ ಹಾಕಿಡಿ.