ಮೆಣಸಿನಕಾಯಿ ದರ ಹಿಡಿದು ಆರ್ ಕಲಿಸಿದ್ದು

ಹಾವೇರಿಯಲ್ಲಿ ಬಿ.ಎ., ಬಿ.ಕಾಂ. ಮಕ್ಕಳಿಗೆ ನಾನು ಸಂಖ್ಯಾಶಾಸ್ತ್ರದ ಜೊತೆ ಆರ್ (R) ಎಂಬ, ಅಂಕಿ-ಅಂಶ ಲೆಕ್ಕ ಹಾಕುವ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಅವರು ಒಂದು ಸಾಲು ಕೋಡ್ ಕೂಡ ಬರೆದವರಲ್ಲ. ಆರ್ ಶುರುವಾಗಿದ್ದೇ ಇಂಥ ಮಕ್ಕಳಿಗಾಗಿ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಅದನ್ನು ಕಟ್ಟಿದ್ದು ಸಂಖ್ಯಾಶಾಸ್ತ್ರದ ಮೊದಲ ಪಾಠ ಹೇಳಲಿಕ್ಕೆ. ಪುಕ್ಕಟೆ ಸಿಗುತ್ತದೆ, ಅದೂ ನಮಗೆ ದೊಡ್ಡದು.

ಲೂಪ್, ಫಂಕ್ಷನ್ ಎಂದು ನಾನು ಶುರು ಮಾಡುವುದಿಲ್ಲ. ಮೊದಲ ದಿನವೇ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರದ ಫೈಲ್ ಕೊಡುತ್ತೇನೆ. ತಾರೀಖು, ತಳಿ, ಕ್ವಿಂಟಲ್ ದರ, ಇಷ್ಟೇ. ರನ್ ಮಾಡುವ ಮುಂಚೆ ಸರಾಸರಿ ದರ ಎಷ್ಟು ಬರಬಹುದು ಅಂತ ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಊಹೆ ಬರೆದವರು ಮಾತ್ರ ಉತ್ತರ ನೋಡಿ ಹುಬ್ಬೇರಿಸುತ್ತಾರೆ.

ಬ್ಯಾಡಗಿಯಲ್ಲಿ ಟೆಂಡರ್ ನಡೆಯುವುದು ಸೋಮವಾರ ಮತ್ತು ಗುರುವಾರ. ಫೈಲಿನಲ್ಲಿ ವಾರದ ಎಲ್ಲ ದಿನಗಳೂ ಇರುತ್ತವೆ. ಒಂದು ಫೈಲಿನಲ್ಲಿ ಉಳಿದ ದಿನಗಳಿಗೆ ಬೇಕಂತಲೇ ಸೊನ್ನೆ ಹಾಕಿರುತ್ತೇನೆ, ಇನ್ನೊಂದರಲ್ಲಿ ಖಾಲಿ ಬಿಟ್ಟಿರುತ್ತೇನೆ. ಮೊದಲನೆಯದರಲ್ಲಿ ಸರಾಸರಿ ಪಾತಾಳಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ಬರೀ 'ಗೊತ್ತಿಲ್ಲ' ಎಂಬರ್ಥದ 'ಎನ್‌ಎ' ಬರುತ್ತದೆ.

"ಸರ್, ಇದು ಉತ್ತರಾನ ಕೊಡವಲ್ದ್ರೀ."

"ಮಂಗಳವಾರ ದರ ಎಷ್ಟಿತ್ತು?"

"ಅವತ್ತ ಟೆಂಡರ್ ಇರಲಿಲ್ರೀ."

"ಮತ್ತ ಅದಕ್ಕ ಹೆಂಗ ಗೊತ್ತಾಗಬೇಕು?"

ಆಮೇಲೆಯೇ, ಖಾಲಿ ಇರುವುದನ್ನು ಬಿಟ್ಟು ಲೆಕ್ಕ ಹಾಕು ಎಂದು ಹೇಳುವ 'ಎನ್‌ಎ.ಆರ್‌ಎಂ' ಹೇಳಿಕೊಡುತ್ತೇನೆ. ಮೊದಲೇ ಕೊಟ್ಟರೆ ಸುಮ್ನೆ ಮಂತ್ರದಂತೆ ಎಲ್ಲ ಕಡೆ ಅಂಟಿಸುತ್ತಾರೆ. ದರ ಇಲ್ಲದಿರುವುದು ಬೇರೆ, ದರ ಸೊನ್ನೆ ಆಗಿರುವುದು ಬೇರೆ. ಇಡೀ ಸೆಮಿಸ್ಟರಿನಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ.

ನಂತರ ತಳಿ. ಡಬ್ಬಿ, ಕಡ್ಡಿ, ಗುಂಟೂರು ಎಲ್ಲ ಕೂಡಿಸಿ ತೆಗೆದ ಸರಾಸರಿ ಯಾವ ರೈತನ ಕೈಗೂ ಬರದ ದರ ಆಗಿರಬಹುದು. ಮನೆಯಲ್ಲಿ ಮೆಣಸಿನಕಾಯಿ ಬೆಳೆಯುವ ಮಕ್ಕಳೇ ಇದನ್ನು ಮೊದಲು ಹಿಡಿಯುತ್ತಾರೆ. ಪ್ರತಿ ತಳಿಯ ದರ ಎಲ್ಲಿಂದ ಎಲ್ಲಿಯವರೆಗೆ ಹರಡಿದೆ ಎಂದು ಚಿತ್ರದಲ್ಲಿ ತೋರಿಸುವ ಬಾಕ್ಸ್‌ಪ್ಲಾಟ್ ತೆಗೆಯಲು ಒಂದೇ ಸಾಲು ಸಾಕು.

ಎರರ್ ಬಂದರೆ ನಾನು ಕೀಬೋರ್ಡ್ ಮುಟ್ಟುವುದಿಲ್ಲ. ಅವರು ಗಟ್ಟಿಯಾಗಿ ಓದಬೇಕು, ಪಕ್ಕದವರಿಗೆ ಕನ್ನಡದಲ್ಲಿ ಹೇಳಬೇಕು. 'ಆಬ್ಜೆಕ್ಟ್ ನಾಟ್ ಫೌಂಡ್' ಅಂದರೆ ಆ ಹೆಸರಿನದು ಸಿಗಲಿಲ್ಲ ಅಂತ, ಅಷ್ಟೇ ಅಲ್ವಾ? ಸಾಮಾನ್ಯವಾಗಿ ದೊಡ್ಡಕ್ಷರ, ಚಿಕ್ಕಕ್ಷರ ಅದಲುಬದಲಾಗಿರುತ್ತದೆ. ದರವನ್ನು 18,500 ಎಂದು ಕಾಮಾ ಹಾಕಿ ಬರೆದಿದ್ದರೆ ಆರ್ ಅದನ್ನು ಅಂಕಿ ಎಂದು ಓದುವುದೇ ಇಲ್ಲ. ಇದನ್ನೂ ಅವರೇ ಹುಡುಕಬೇಕು.

ಪರೀಕ್ಷೆಗೆ ಗೋವಿನಜೋಳದ ದರದ ಹೊಸ ಫೈಲ್ ಕೊಡುತ್ತೇನೆ. ಹಳೆಯ ಕೋಡ್ ನೋಡಿಕೊಳ್ಳಬಹುದು. ಆದರೆ ಪ್ರತಿ ಉತ್ತರದ ಕೆಳಗೆ ಯಾವ ದಿನಗಳನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಬೇಕು. ಒಟ್ಟು ಅಂಕಗಳಲ್ಲಿ ಅರ್ಧ ಅದಕ್ಕೇ.