ಶುಗರ್ ಇದ್ದರೆ ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ: ಕಿಡ್ನಿ ಜರಡಿಯನ್ನು ಪರೀಕ್ಷಿಸಿಕೊಳ್ಳುವುದು ಹೀಗೆ

ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ನಾರ್ಮಲ್ ಬಂತು, ಕಿಡ್ನಿ ಚೆನ್ನಾಗಿದೆ ಅಂತ ಸುಮ್ನಾಗಿಬಿಡುತ್ತೇವೆ ಅಲ್ವಾ? ಕಿಡ್ನಿ ಕೆಲಸ ಅರ್ಧದಷ್ಟು ಕುಸಿಯುವವರೆಗೂ ಆ ಸಂಖ್ಯೆ ನಾರ್ಮಲ್ ಆಗಿಯೇ ಇರಬಹುದು. ವಯಸ್ಸಾಗಿ ಮಾಂಸಖಂಡ ಕರಗಿದವರಲ್ಲಂತೂ ಇನ್ನೂ ಮೋಸ, ಯಾಕೆಂದರೆ ಕ್ರಿಯಾಟಿನಿನ್ ಬರುವುದೇ ಮಾಂಸಖಂಡದಿಂದ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಜರಡಿಗಳಿವೆ. ಕೂದಲಿಗಿಂತ ಸಣ್ಣ ರಕ್ತನಾಳಗಳ ಉಂಡೆಗಳು ಅವು. ಅವುಗಳ ಹೊರಮೈಯನ್ನು ಪೋಡೋಸೈಟ್ ಎಂಬ ಕೋಶಗಳು ಬೆರಳಿಗೆ ಬೆರಳು ಹೆಣೆದ ಹಾಗೆ ತಬ್ಬಿಕೊಂಡಿರುತ್ತವೆ, ಆ ಬೆರಳುಗಳ ಸಂದಿಯಿಂದ ನೀರು, ಉಪ್ಪು ದಾಟುತ್ತವೆ, ಪ್ರೋಟೀನ್ ದಾಟಬಾರದು. ತೊಂದರೆ ಏನೆಂದರೆ, ಈ ಕೋಶ ಉದುರಿದರೆ ಆ ಜಾಗಕ್ಕೆ ಹೊಸದು ಬರುವುದು ತೀರಾ ಕಡಿಮೆ. ಪಕ್ಕದ್ದು ಹಿಗ್ಗಿ ಜಾಗ ಮುಚ್ಚಲು ನೋಡುತ್ತದೆ, ಹಿಗ್ಗಿ ಹಿಗ್ಗಿ ಕೊನೆಗೆ ಅದೂ ಕಳಚಿಕೊಳ್ಳುತ್ತದೆ.

ವಯಸ್ಸಿನ ಜೊತೆ ಇದು ನಿಧಾನಕ್ಕೆ ಎಲ್ಲರಿಗೂ ಆಗುವಂಥದ್ದು. ಶುಗರ್ ಸೇರಿದರೆ ವೇಗ ಜಾಸ್ತಿ. ಮೊದಮೊದಲು ಜರಡಿಯೊಳಗೆ ಒತ್ತಡ ಏರಿ ಕಿಡ್ನಿ ಹೆಚ್ಚೇ ಸೋಸುತ್ತದೆ, ರಿಪೋರ್ಟ್ ಚೆಂದವಾಗಿ ಕಾಣುತ್ತದೆ, ಅದೇ ಹೊತ್ತಿಗೆ ಒಳಗೆ ಕೋಶಗಳು ಸವೆಯುತ್ತಿರುತ್ತವೆ.

ಹಾಗಾಗಿ ಕೇಳಬೇಕಾದ ಪರೀಕ್ಷೆ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ರೇಷಿಯೋ. ಅಲ್ಬುಮಿನ್ ರಕ್ತದ ಒಂದು ಪ್ರೋಟೀನ್, ಜರಡಿ ಸವೆದರೆ ಅದು ಮೂತ್ರಕ್ಕೆ ಸೋರುತ್ತದೆ. ಮೂತ್ರದಲ್ಲಿ ಪಟ್ಟಿ ಅದ್ದಿ ನೋಡುವ ಮಾಮೂಲಿ ಪರೀಕ್ಷೆಗೆ ಸಣ್ಣ ಸೋರಿಕೆ ಗೊತ್ತಾಗುವುದಿಲ್ಲ. ಟೈಪ್ 2 ಆದರೆ ಶುಗರ್ ಗೊತ್ತಾದ ದಿನದಿಂದಲೇ, ಟೈಪ್ 1 ಆದರೆ 5 ವರ್ಷದ ನಂತರ, ವರ್ಷಕ್ಕೊಮ್ಮೆ ಮಾಡಿಸಿ. ಬೆಳಗಿನ ಮೊದಲ ಮೂತ್ರ ಕೊಟ್ಟರೆ ಒಳ್ಳೆಯದು. ಜ್ವರ, ಮೂತ್ರದ ಸೋಂಕು, ಮುಟ್ಟು ಇದ್ದಾಗ ಅಥವಾ ಹಿಂದಿನ ದಿನ ಮೈಮುರಿದು ವ್ಯಾಯಾಮ ಮಾಡಿದ್ದರೆ ಮುಂದೂಡಿ, ಸುಮ್ನೆ ಗಾಬರಿ ಆಗುತ್ತದೆ.

ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಕಡಿಮೆ ಅಲ್ಬುಮಿನ್ ಇದ್ದರೆ ಸರಿ. ಜಾಸ್ತಿ ಬಂದರೆ ಒಂದೇ ರಿಪೋರ್ಟ್ ಹಿಡಿದು ಕೂರಬೇಡಿ, 3ರಿಂದ 6 ತಿಂಗಳಲ್ಲಿ 3 ಸಲ ಮಾಡಿಸಿದ್ದರಲ್ಲಿ 2 ಸಲ ಜಾಸ್ತಿ ಇದ್ದರೆ ಸೋರಿಕೆ ನಿಜ. ಜೊತೆಗೆ ಇಜಿಎಫ್ಆರ್ (ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜು) ನೋಡಿ, ಅದು 3 ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗೇ ಇದ್ದರೆ ಕಿಡ್ನಿ ಕಾಯಿಲೆ ಎಂದೇ ಲೆಕ್ಕ.

ಸೋರಿಕೆ ಇದೆ ಎಂದಾದರೆ ಶುಗರ್ ಜೊತೆ ಬಿಪಿಯನ್ನೂ ಹಿಡಿತಕ್ಕೆ ತನ್ನಿ. ಜರಡಿಯೊಳಗಿನ ಒತ್ತಡ ಇಳಿಸುವ ಮಾತ್ರೆಗಳಿವೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಡಾಪಾಗ್ಲಿಫ್ಲೋಜಿನ್ ಥರದವು. ನಿಮಗೆ ಯಾವುದು ಹೊಂದುತ್ತದೆ ಎಂದು ಡಾಕ್ಟರನ್ನೇ ಕೇಳಿ. ಶುರು ಮಾಡಿದ ಹೊಸದರಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಒತ್ತಡ ಇಳಿದಿದ್ದರಿಂದಲೇ ಅದು. ಹೆದರಿ ನೀವೇ ಮಾತ್ರೆ ನಿಲ್ಲಿಸಬೇಡಿ, ರಿಪೋರ್ಟ್ ತೋರಿಸಿ. ನಿಲ್ಲಿಸುವುದಿದ್ದರೆ ಮಂಡಿನೋವಿಗೆ ಅಂತ ಕೇಳದೇ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಿಲ್ಲಿಸಿ.